ಚೊಗರು, ನೆಲ್ಲಿ ಮತ್ತು ನಮ್ಮ ವಸಡು

ತುಮಕೂರು ಜಿಲ್ಲೆಯ ತುರುವೇಕೆರೆಯಿಂದ ಮಾಯಸಂದ್ರದ ಕಡೆಗೋ ದಂಡಿನಶಿವರದ ಕಡೆಗೋ ಹೊರಟರೆ ರಸ್ತೆಯ ಎರಡೂ ಬದಿಗೆ ತೆಂಗು. ತೆಂಗಿನ ಸಾಲುಗಳ ನಡುವೆ ಅಡಿಕೆ. ಕೆಲವು ತೋಟಗಳಲ್ಲಿ ಅಡಿಕೆ ಮರವನ್ನೇ ತಬ್ಬಿ ಮೇಲೇರಿದ ವೀಳ್ಯದೆಲೆ ಬಳ್ಳಿ. ಬದುವಿನಲ್ಲಿ ಸೀಬೆ, ನಿಂಬೆ, ಎಲ್ಲೋ ಒಂದು ನೆಲ್ಲಿ. ಹಿತ್ತಿಲಿನಲ್ಲಿ ನುಗ್ಗೆ. ಹೇಮಾವತಿ ನಾಲೆಯ ನೀರು ಹರಿದ ಊರುಗಳಲ್ಲೂ, ಕೊಳವೆಬಾವಿಯನ್ನೇ ನಂಬಿದ ಊರುಗಳಲ್ಲೂ ತೋಟದ ಚಿತ್ರ ಹೆಚ್ಚುಕಡಿಮೆ ಇದೇ. ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯೂ ಇದಕ್ಕಿಂತ ಬೇರೆಯಲ್ಲ.

ಮನುಷ್ಯನ ಬಾಯನ್ನು ಕಾಪಾಡುವ ಪದಾರ್ಥಗಳೂ, ಅದನ್ನು ಶಾಶ್ವತವಾಗಿ ಕೆಡಿಸಬಲ್ಲ ಪದಾರ್ಥವೂ ಈ ಒಂದೇ ತೋಟದಲ್ಲಿ, ಒಂದೇ ನೀರು ಕುಡಿದು ಬೆಳೆಯುತ್ತವೆ. ಅಷ್ಟೇ ಅಲ್ಲ, ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸಿದರೆ ಎರಡೂ ಗುಂಪುಗಳ ಮೇಲೆ ಒಂದೇ ಮುದ್ರೆ ಬೀಳುತ್ತದೆ: ಆಂಟಿಆಕ್ಸಿಡೆಂಟ್. ಔಷಧಿ ಅಂಗಡಿಯ ಡಬ್ಬಿಗಳ ಮೇಲೆ, ಚಹಾ ಪೊಟ್ಟಣಗಳ ಮೇಲೆ, ಟೂತ್‌ಪೇಸ್ಟಿನ ಜಾಹೀರಾತಿನಲ್ಲಿ ಈಗ ಈ ಪದದ್ದೇ ಮೆರವಣಿಗೆ. ಆ ಮುದ್ರೆಯೊಂದನ್ನೇ ನೋಡಿ ಬಾಯಿಗೆ ಹಾಕಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ತೆಂಗು–ಅಡಿಕೆಯ ಈ ನಾಡಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮೊದಲು ಬಾಯೊಳಗೆ ನಡೆಯುವುದೇನು ಎಂದು ನೋಡೋಣ. ಕಡಲೆಕಾಯಿ ಎಣ್ಣೆಯನ್ನು ಬಹಳ ದಿನ ತೆರೆದಿಟ್ಟರೆ ಕಮಟು ಹಿಡಿಯುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಎಣ್ಣೆಯ ಕೊಬ್ಬಿನ ಕಣಗಳ ಮೇಲೆರಗಿ ಒಡೆಯುವುದರಿಂದ ಹುಟ್ಟುವ ವಾಸನೆ ಅದು. ನಮ್ಮ ಜೀವಕೋಶಗಳ ಹೊರಪೊರೆಯೂ ಕೊಬ್ಬಿನದೇ. ದೇಹದೊಳಗೆ ಹುಟ್ಟುವ, ಎಲೆಕ್ಟ್ರಾನು ಕೊರತೆಯಿಂದ ಚಡಪಡಿಸುವ ಆಮ್ಲಜನಕದ ಚೂರುಗಳು ಆ ಪೊರೆಯನ್ನೂ ಹೀಗೆಯೇ ಒಡೆಯುತ್ತವೆ. ಅವುಗಳಿಗೆ ತನ್ನ ಎಲೆಕ್ಟ್ರಾನನ್ನು ಕೊಟ್ಟು ಸುಮ್ಮನಾಗಿಸುವ ಯಾವುದೇ ವಸ್ತು ಆಂಟಿಆಕ್ಸಿಡೆಂಟ್. ಸಿ ಮತ್ತು ಇ ಜೀವಸತ್ವಗಳು, ಹಳದಿ–ಕೆಂಪು ಹಣ್ಣುಗಳ ಕ್ಯಾರೊಟಿನಾಯ್ಡುಗಳು, ಒಗರು ಪದಾರ್ಥಗಳ ಪಾಲಿಫಿನಾಲ್‌ಗಳು ಈ ಕೆಲಸ ಮಾಡುತ್ತವೆ.

ಬಾಯಿಯಲ್ಲಿ ಈ ಚೂರುಗಳು ಹೆಚ್ಚಾಗಿ ಹುಟ್ಟುವುದು ಹಲ್ಲು ಮತ್ತು ವಸಡು ಸೇರುವ ಅಂಚಿನಲ್ಲಿ. ಅಲ್ಲಿ ಪಾಚಿಯಂತೆ ಕೂರುವ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ರಕ್ತದಿಂದ ಬಿಳಿ ಕಣಗಳು ಬರುತ್ತವೆ. ಅವುಗಳ ಆಯುಧವೇ ಆಮ್ಲಜನಕದ ಆ ಚೂರುಗಳು: ಸೂಪರ್ ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಮುಂತಾದವು. ಎರಡು ದಿನದ ಜಗಳವಾದರೆ ತೊಂದರೆಯಿಲ್ಲ. ಪಾಚಿ ಕಟ್ಟಿಕೊಂಡೇ ಇದ್ದರೆ ಜಗಳ ವರ್ಷಗಟ್ಟಲೆ ನಡೆಯುತ್ತದೆ. ಶತ್ರುವಿಗೆಂದು ಎಸೆದದ್ದು ವಸಡಿನ ನಾರಿಗೂ, ಹಲ್ಲನ್ನು ಹಿಡಿದಿಟ್ಟ ಮೂಳೆಗೂ ತಗಲುತ್ತದೆ. ವಸಡು ಕೆಂಪಾಗಿ ಊದುವುದು, ಉಜ್ಜುವಾಗ ರಕ್ತ ಬರುವುದು, ಮುಂದೆ ವಸಡು ಕೆಳಗಿಳಿದು ಹಲ್ಲು ಅಲ್ಲಾಡುವುದು, ಇವೆಲ್ಲದರ ಹಿಂದೆ ಬ್ಯಾಕ್ಟೀರಿಯಾದ ಕೈವಾಡ ಎಷ್ಟೋ, ನಮ್ಮದೇ ರಕ್ಷಣಾ ಪಡೆಯ ಕೈವಾಡವೂ ಅಷ್ಟೇ ಇದೆ.

ಇದಕ್ಕೆ ಎದುರಾಗಿ ದೇಹ ಒಂದು ತಡೆಯನ್ನು ಇಟ್ಟಿದೆ. ಅದು ಎಂಜಲು. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನವರೆಗೆ ಸುರಿಯುವ ಈ ನೀರಿನಲ್ಲಿ ಯೂರಿಕ್ ಆಮ್ಲ, ಪೆರಾಕ್ಸಿಡೇಸ್ ಕಿಣ್ವ, ಒಂದಿಷ್ಟು ಸಿ ಜೀವಸತ್ವ ಎಲ್ಲವೂ ಇರುತ್ತವೆ. ಕೀಲುನೋವಿನ ರಕ್ತಪರೀಕ್ಷೆಯಲ್ಲಿ ಖಳನಾಯಕನಂತೆ ಕಾಣುವ ಯೂರಿಕ್ ಆಮ್ಲವೇ ಎಂಜಲಿನ ಮುಖ್ಯ ಆಂಟಿಆಕ್ಸಿಡೆಂಟ್. ಸಕ್ಕರೆ ಕಾಯಿಲೆಯವರಿಗೆ, ಕೆಲವು ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ಬಾಯಿ ಒಣಗುತ್ತದೆ. ಆಗ ಈ ತಡೆಯೂ ತೆಳುವಾಗುತ್ತದೆ. ವಯಸ್ಸಾದವರ ಹಲ್ಲು ಒಂದೆರಡು ವರ್ಷದಲ್ಲೇ ಒಂದರ ಹಿಂದೆ ಒಂದು ಅಲ್ಲಾಡಲು ಶುರುವಾಗುವುದಕ್ಕೆ ಇದೂ ಒಂದು ಕಾರಣ.

ಊಟಕ್ಕೂ ವಸಡಿಗೂ ಇರುವ ನಂಟು ಜಗತ್ತಿಗೆ ಗೊತ್ತಾದದ್ದು ಸಮುದ್ರದ ಮೇಲೆ. ತಿಂಗಳುಗಟ್ಟಲೆ ತಾಜಾ ಹಣ್ಣು–ಸೊಪ್ಪು ಕಾಣದ ನಾವಿಕರ ವಸಡು ಊದಿ, ಕೊಳೆತು, ಹಲ್ಲು ಉದುರಿ, ಕೊನೆಗೆ ಅವರು ಸಾಯುತ್ತಿದ್ದರು. 1747ರಲ್ಲಿ ಸ್ಯಾಲಿಸ್‌ಬರಿ ಎಂಬ ಬ್ರಿಟಿಷ್ ಹಡಗಿನ ವೈದ್ಯ ಜೇಮ್ಸ್ ಲಿಂಡ್ ಇಂಥ 12 ಮಂದಿಯನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಔಷಧ ಕೊಟ್ಟ. ಕಿತ್ತಳೆ, ನಿಂಬೆ ತಿಂದ ಜೋಡಿ ಒಂದು ವಾರದೊಳಗೆ ಚೇತರಿಸಿಕೊಂಡಿತು. ಆದರೂ ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಕಡ್ಡಾಯ ಮಾಡಿದ್ದು 1795ರಲ್ಲಿ, ಹೆಚ್ಚುಕಡಿಮೆ ಅರ್ಧ ಶತಮಾನದ ನಂತರ. ನಿಂಬೆಯೊಳಗಿನ ಆ ವಸ್ತು ಯಾವುದೆಂದು ತಿಳಿಯಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಅದರ ಸಂಶೋಧನೆಗಾಗಿ ಹಂಗೇರಿಯ ಆಲ್ಬರ್ಟ್ ಸೆಂಟ್ ಗ್ಯೋರ್ಗಿ 1937ರಲ್ಲಿ ನೊಬೆಲ್ ಪಡೆದರು.

ಸಿ ಜೀವಸತ್ವ ವಸಡಿನಲ್ಲಿ ಎರಡು ಕೆಲಸ ಮಾಡುತ್ತದೆ. ಒಂದು, ಆಮ್ಲಜನಕದ ಚೂರುಗಳನ್ನು ತಣಿಸುವುದು. ಎರಡು, ಕೊಲಾಜನ್ ಎಂಬ ನಾರನ್ನು ಹುರಿಗೊಳಿಸುವುದು. ಹಲ್ಲನ್ನು ದವಡೆಯ ಮೂಳೆಗೆ ಬಿಗಿದಿರುವುದು ಈ ಕೊಲಾಜನ್ನೇ. ಸಿ ಇಲ್ಲದಿದ್ದರೆ ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುವುದಿಲ್ಲ. ಈ ಕೊಲಾಜನ್ನಿನ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಅಡಿಕೆಯ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸಿಗೆ 65 ಮಿಲಿಗ್ರಾಂ ಸಿ ಬೇಕು. ಬೆಟ್ಟದ ನೆಲ್ಲಿಯಲ್ಲಿ 100 ಗ್ರಾಂಗೆ ಸುಮಾರು 250 ಮಿಲಿಗ್ರಾಂ ಇದೆ. ಸೀಬೆಯಲ್ಲಿ 200ಕ್ಕೂ ಹೆಚ್ಚು. ಹಸಿ ನುಗ್ಗೆಸೊಪ್ಪಿನಲ್ಲಿ 100ರ ಮೇಲೆ. ಜ್ವರ ಬಂದವರನ್ನು ನೋಡಲು ಹೋಗುವಾಗ ದುಡ್ಡು ತೆತ್ತು ಒಯ್ಯುವ ಸೇಬಿನಲ್ಲಿ 5 ಮಿಲಿಗ್ರಾಂ ಆಸುಪಾಸು. ಬದುವಿನ ಮೇಲೆ ಉದುರಿ, ಹಕ್ಕಿ ಕುಕ್ಕಿ, ಅಳಿಲು ಕಚ್ಚಿ ಹಾಳಾಗುವ ಸೀಬೆಹಣ್ಣನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅದೇ ಮನೆಯ ಮಗುವಿನ ವಸಡು ಸಡಿಲವಾಗಿರುತ್ತದೆ, ಅದಕ್ಕೆ ಅಂಗಡಿಯಿಂದ ಟಾನಿಕ್ ಬಂದಿರುತ್ತದೆ.

ಇದಕ್ಕಿಂತ ಹೆಚ್ಚು ನೋವು ಕೊಡುವುದು ನಮ್ಮ ಬಾಣಂತಿಯರ ಪಥ್ಯ. ಬಸುರಿನಲ್ಲಿ ಹಾರ್ಮೋನುಗಳ ಏರಿಳಿತದಿಂದ ವಸಡು ಊದಿ ರಕ್ತ ಬರುವುದು ಸಾಮಾನ್ಯ. ಹೆರಿಗೆಯಾದ ಮೇಲೆ ಎದೆಹಾಲಿನ ಮೂಲಕ ತಾಯಿಯ ಸಿ ಜೀವಸತ್ವ ಮಗುವಿಗೂ ಹೋಗುತ್ತದೆ. ಹಾಗಾಗಿ ಹಾಲೂಡಿಸುವ ತಾಯಿಗೆ ದಿನಕ್ಕೆ 115 ಮಿಲಿಗ್ರಾಂ ಬೇಕೆಂದು ಅದೇ ಪಟ್ಟಿ ಹೇಳುತ್ತದೆ. ಹೆಣ್ಣಿನ ಬದುಕಿನಲ್ಲೇ ಅತಿ ಹೆಚ್ಚು ಬೇಕಾದ ಹೊತ್ತು ಅದು. ಆ ಹೊತ್ತಿನಲ್ಲೇ ಎಷ್ಟೋ ಮನೆಗಳಲ್ಲಿ ‘ಶೀತ ಆಗುತ್ತೆ, ಮಗೂಗೆ ನೆಗಡಿ ಬರುತ್ತೆ’ ಎಂದು ಹಣ್ಣು ನಿಲ್ಲುತ್ತದೆ, ಸೊಪ್ಪು ನಿಲ್ಲುತ್ತದೆ. ಅನ್ನ, ಮೆಣಸಿನ ಸಾರು, ತುಪ್ಪ, ಒಣಕೊಬ್ಬರಿ, ಮತ್ತು ಊಟವಾದ ಮೇಲೆ ಮರೆಯದೆ ಎಲೆಅಡಿಕೆ! ಅಜ್ಜಿ, ಅತ್ತೆ ಪ್ರೀತಿಯಿಂದಲೇ ಮಾಡುವ ಆರೈಕೆ ಇದು, ಅದರ ಬಗ್ಗೆ ಅನುಮಾನವಿಲ್ಲ. ಕೊಬ್ಬರಿ, ತುಪ್ಪ, ಮೆಣಸಿನ ಸಾರು ಇರಲಿ. ಅದರ ಜೊತೆಗೆ ಒಂದು ಸೀಬೆಹಣ್ಣೋ ನಿಂಬೆಹಣ್ಣು ಹಿಂಡಿದ ಸೊಪ್ಪಿನ ಪಲ್ಯವೋ ತಟ್ಟೆಗೆ ಬಂದರೆ ತಾಯಿಗೂ ಮಗುವಿಗೂ ಒಳ್ಳೆಯದೇ. ಅದರಿಂದ ಮಗುವಿಗೆ ನೆಗಡಿ ಬರುವುದಿಲ್ಲ. ಎಲೆಅಡಿಕೆಯನ್ನು ಮಾತ್ರ ಆ ತಟ್ಟೆಯ ಹತ್ತಿರಕ್ಕೂ ಬಿಡಬಾರದು.

ಹಣ್ಣು–ತರಕಾರಿಯಿಂದ ವಸಡಿನ ರೋಗ ಕಡಿಮೆಯಾಗುತ್ತದೆ ಎನ್ನುವುದಕ್ಕೆ ಎಷ್ಟು ಗಟ್ಟಿ ಆಧಾರವಿದೆ? ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಇಯಾನ್ ಚಾಪಲ್ ಈ ವಿಷಯದ ಮೇಲೆ ಬಹಳ ಕಾಲದಿಂದ ಕೆಲಸ ಮಾಡಿದವರು. ಅಮೆರಿಕದ ಆರೋಗ್ಯ ಸಮೀಕ್ಷೆಯೊಂದರ 11 ಸಾವಿರಕ್ಕೂ ಹೆಚ್ಚು ವಯಸ್ಕರ ಮಾಹಿತಿಯನ್ನು ಅವರ ತಂಡ 2007ರಲ್ಲಿ ವಿಶ್ಲೇಷಿಸಿತು. ರಕ್ತದಲ್ಲಿ ಸಿ ಜೀವಸತ್ವ ಮತ್ತು ಒಟ್ಟು ಆಂಟಿಆಕ್ಸಿಡೆಂಟ್ ಹೆಚ್ಚಿದ್ದವರಲ್ಲಿ ವಸಡಿನ ತೀವ್ರ ರೋಗ ಕಡಿಮೆ ಇತ್ತು. ಜರ್ಮನಿಯಲ್ಲಿ ನಡೆದ ಇನ್ನೊಂದು ಪ್ರಯೋಗ ಸೊಪ್ಪಿಗೆ ಸಂಬಂಧಿಸಿದ್ದು. ನೈಟ್ರೇಟ್ ಹೆಚ್ಚಿರುವ ಲೆಟ್ಯೂಸ್ ಸೊಪ್ಪಿನ ರಸವನ್ನು ಎರಡು ವಾರ ಕುಡಿದವರ ವಸಡಿನ ಉರಿಯೂತ ಇಳಿದದ್ದನ್ನು 2016ರಲ್ಲಿ ಪ್ರಕಟಿಸಿದರು. ಸೊಪ್ಪಿನ ನೈಟ್ರೇಟನ್ನು ನಾಲಗೆಯ ಹಿಂಭಾಗದಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ, ಅದರಿಂದ ಹುಟ್ಟುವ ನೈಟ್ರಿಕ್ ಆಕ್ಸೈಡ್ ಉರಿಯನ್ನು ತಗ್ಗಿಸುತ್ತದೆ. ಲೆಟ್ಯೂಸ್ ನಮಗೆ ಬೇಕಿಲ್ಲ. ಹೊಲದ ಬದುವಿನ ಬೆರಕೆ ಸೊಪ್ಪು, ದಂಟು, ಹೊನಗೊನೆ, ಬಸ್ಸಾರಿಗೆ ಹಾಕುವ ಯಾವ ಸೊಪ್ಪಿನಲ್ಲೂ ಅದೇ ನೈಟ್ರೇಟ್ ಇದೆ.

ಆದರೆ ಇಲ್ಲಿ ಒಂದು ಗೆರೆ ಎಳೆಯಲೇಬೇಕು. ಪಾಚಿ ಗಟ್ಟಿಯಾಗಿ ಕಲ್ಲುಕಟ್ಟಿದ ಹಲ್ಲಿಗೆ ಎಷ್ಟು ನೆಲ್ಲಿಕಾಯಿ ತಿಂದರೂ ವಸಡಿನ ರಕ್ತ ನಿಲ್ಲುವುದಿಲ್ಲ. ಆ ಕಲ್ಲನ್ನು ದಂತವೈದ್ಯರೇ ತೆಗೆಯಬೇಕು. ದಿನಕ್ಕೆರಡು ಸಲ, ಮುಖ್ಯವಾಗಿ ರಾತ್ರಿ ಮಲಗುವ ಮುನ್ನ, ಮೃದುವಾದ ಬ್ರಷ್ಷು ಮತ್ತು ಫ್ಲೋರೈಡ್ ಪೇಸ್ಟಿನಿಂದ ಉಜ್ಜುವುದಕ್ಕೆ ಬದಲಿ ಯಾವುದೂ ಇಲ್ಲ. ಇದ್ದಿಲು, ಇಟ್ಟಿಗೆ ಪುಡಿ, ಮರಳು ಬೆರೆತ ಬೂದಿಯಿಂದ ಉಜ್ಜುವವರು ಇನ್ನೂ ಇದ್ದಾರೆ. ಅವು ಹಲ್ಲಿನ ಹೊಳಪಿನ ಪದರವನ್ನೇ ಸವೆಸುತ್ತವೆ. ಆಹಾರ ಮಾಡುವುದು ವಸಡಿನ ಒಳಗಿನ ಹಾನಿಯನ್ನು ತಗ್ಗಿಸುವ ಕೆಲಸ. ಅದು ದೊಡ್ಡ ಕೆಲಸವೇ, ಆದರೆ ಎರಡನೆಯದು.

ಇನ್ನು ತೆಂಗು. ಈ ಸೀಮೆಯ ಹೆಮ್ಮೆ ಅದು. ತಿಪಟೂರಿನ ಕೊಬ್ಬರಿ ಮಾರುಕಟ್ಟೆ ದೇಶಕ್ಕೇ ಹೆಸರುವಾಸಿ. ಅಟ್ಟದ ಮೇಲೆ ಹತ್ತು–ಹನ್ನೊಂದು ತಿಂಗಳು ಕೂತು, ಒಳಗಿನ ನೀರೆಲ್ಲ ಇಂಗಿ, ಚಿಪ್ಪಿನೊಳಗೆ ಗಡಗಡ ಅಲ್ಲಾಡುವ ಉಂಡೆ ಕೊಬ್ಬರಿಯ ರುಚಿಗೆ ಸಾಟಿಯಿಲ್ಲ. ಅದನ್ನು ಆಂಟಿಆಕ್ಸಿಡೆಂಟುಗಳ ಗಣಿ ಎಂದು ಹೇಳಿದರೆ ಮಾತ್ರ ಸುಳ್ಳಾಗುತ್ತದೆ. ಕೊಬ್ಬರಿಯಲ್ಲಾಗಲಿ ಎಳನೀರಿನಲ್ಲಾಗಲಿ ಸಿ ಜೀವಸತ್ವ ತೀರಾ ಕಡಿಮೆ. ಕೊಬ್ಬರಿ ಎಣ್ಣೆ ಬೇಗ ಕಮಟು ಹಿಡಿಯದಿರುವುದಕ್ಕೂ ಆಂಟಿಆಕ್ಸಿಡೆಂಟು ಮುಖ್ಯ ಕಾರಣವಲ್ಲ. ಅದರ ಕೊಬ್ಬಿನ ಹತ್ತು ಪಾಲಿನಲ್ಲಿ ಸುಮಾರು ಒಂಬತ್ತು ಪಾಲು ಪರ್ಯಾಪ್ತ ಕೊಬ್ಬು, ಆಮ್ಲಜನಕ ಹಿಡಿದೆಳೆಯಲು ಅದರಲ್ಲಿ ಸಡಿಲ ಕೊಂಡಿಗಳೇ ಇಲ್ಲ.

ತೆಂಗಿನ ನಿಜವಾದ ಉಪಕಾರ ಬೇರೆಯದು. ಸೊಪ್ಪಿನ ಬೀಟಾ ಕ್ಯಾರೊಟಿನ್, ಟೊಮೆಟೊದ ಲೈಕೋಪೀನ್ ಇವೆಲ್ಲ ಕೊಬ್ಬಿನಲ್ಲಿ ಕರಗುವಂಥವು. ಬರೀ ನೀರಿನಲ್ಲಿ ಬೇಯಿಸಿ ತಿಂದರೆ ಅವುಗಳಲ್ಲಿ ಬಹುಪಾಲು ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತವೆ. ಬಸ್ಸಾರಿಗೆ ರುಬ್ಬಿ ಹಾಕುವ ಕಾಯಿ, ಪಲ್ಯದ ಮೇಲೆ ಉದುರಿಸುವ ತುರಿ, ಒಂದು ಒಗ್ಗರಣೆ ಇದ್ದರೆ ಅವು ದೇಹಕ್ಕೆ ದಕ್ಕುತ್ತವೆ. ನಮ್ಮ ಅಜ್ಜಿಯರು ಕ್ಯಾರೊಟಿನ್ನಿನ ಹೆಸರು ಕೇಳಿರಲಿಲ್ಲ, ಕಾಯಿತುರಿ ಇಲ್ಲದ ಪಲ್ಯವನ್ನು ಪಲ್ಯವೆಂದು ಒಪ್ಪುತ್ತಲೂ ಇರಲಿಲ್ಲ.

ಬಾಯಿಗೆ ಎಣ್ಣೆ ತುಂಬಿಕೊಂಡು ಮುಕ್ಕಳಿಸುವ ಬಗ್ಗೆಯೂ ಕೇಳುತ್ತಾರೆ. ಆಯುರ್ವೇದದಲ್ಲಿ ಗಂಡೂಷ, ಕವಲ ಎಂದು ಹೇಳುವ ಈ ಪದ್ಧತಿ ಈಗ ವಿದೇಶದಲ್ಲೂ ಜನಪ್ರಿಯ. ಕೊಬ್ಬರಿ ಎಣ್ಣೆಯ ಅರ್ಧದಷ್ಟಿರುವ ಲಾರಿಕ್ ಆಮ್ಲಕ್ಕೆ ಬ್ಯಾಕ್ಟೀರಿಯಾಗಳನ್ನು ತಡೆಯುವ ಶಕ್ತಿ ಇದೆ. ಕೇರಳದ ಕಣ್ಣೂರಿನಲ್ಲಿ 60 ಹದಿಹರೆಯದವರ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಿಂಗಳೊಳಗೆ ಪಾಚಿಯೂ ವಸಡಿನ ಊತವೂ ಇಳಿದವು. ಆದರೆ ಎಣ್ಣೆ ಮುಕ್ಕಳಿಸದ ಇನ್ನೊಂದು ಗುಂಪನ್ನು ಜೊತೆಗಿಟ್ಟು ಹೋಲಿಸಿದ ಅಧ್ಯಯನ ಅದಲ್ಲ. ಅಮೆರಿಕದ ದಂತವೈದ್ಯ ಸಂಘ ಇದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಶಿಫಾರಸು ಮಾಡುವುದಿಲ್ಲ. ಉಜ್ಜುವುದರ ಜೊತೆಗೆ ಮಾಡುವವರು ಮಾಡಬಹುದು, ಉಜ್ಜುವುದರ ಬದಲಿಗೆ ಕೂಡದು, ಚಿಕ್ಕ ಮಕ್ಕಳಿಗೆ ಖಂಡಿತ ಕೂಡದು. ಕೊಬ್ಬರಿಯ ಜೊತೆಗೆ ಕಚ್ಚುವ ಬೆಲ್ಲದ ಬಗ್ಗೆಯೂ ಒಂದು ಮಾತು. ಬೆಲ್ಲದಲ್ಲಿ ಒಂದಿಷ್ಟು ಪಾಲಿಫಿನಾಲ್ ಇದೆ, ನಿಜ. ಹಲ್ಲು ಕೊರೆಯುವ ಬ್ಯಾಕ್ಟೀರಿಯಾಕ್ಕೆ ಅದು ಸಕ್ಕರೆಯೇ.

ಈಗ ಅಡಿಕೆ. ಮುಖ್ಯವಾದ ಮಾತು ಇರುವುದು ಇಲ್ಲೇ.

ಕೊಯ್ದ ಹಸಿರು ಅಡಿಕೆಯನ್ನು ಸುಲಿದು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಗಾಢ ಕೆಂಪು ನೀರೇ ಚೊಗರು. ಅಡಿಕೆಗೆ ಬಣ್ಣ, ಹೊಳಪು ಬರುವುದು ಅದರಿಂದ. ನಾಲಗೆಗೆ ತಾಗಿಸಿದರೆ ಬಾಯೆಲ್ಲ ಬಿಗಿಯುವಷ್ಟು ಒಗರು. ಆ ಒಗರು ಟ್ಯಾನಿನ್, ಕ್ಯಾಟೆಚಿನ್ ಎಂಬ ಪಾಲಿಫಿನಾಲ್‌ಗಳದ್ದು. ಹಸಿರು ಚಹಾದ ಪೊಟ್ಟಣದ ಮೇಲೆ ಹೊಗಳುವುದು ಇದೇ ಕುಟುಂಬದ ವಸ್ತುಗಳನ್ನು. ಚೊಗರನ್ನು ಪ್ರಯೋಗಾಲಯದ ಗಾಜಿನ ನಳಿಕೆಗೆ ಹಾಕಿ ಅಳೆದರೆ ಅದು ಒಳ್ಳೆಯ ಆಂಟಿಆಕ್ಸಿಡೆಂಟ್ ಎಂದೇ ಫಲಿತಾಂಶ ಬರುತ್ತದೆ. ಹೀಗಿರುವಾಗ ಅಡಿಕೆ ಬಾಯಿಗೆ ಒಳ್ಳೆಯದಲ್ಲವೇ? ಈ ಪ್ರಶ್ನೆಯನ್ನು ಬೆಳೆಗಾರರ ಸಭೆಗಳಲ್ಲಿ, ವಾಟ್ಸ್ಆ್ಯಪ್ ಸಂದೇಶಗಳಲ್ಲಿ ಎತ್ತುವವರಿದ್ದಾರೆ. ಪ್ರಾಮಾಣಿಕವಾದ ಪ್ರಶ್ನೆ, ಉತ್ತರವೂ ಪ್ರಾಮಾಣಿಕವಾಗಿರಬೇಕು.

ಬಾಯಿ ಗಾಜಿನ ನಳಿಕೆಯಲ್ಲ. ಅಡಿಕೆಯನ್ನು ಹೆಚ್ಚಿನವರು ಒಂಟಿಯಾಗಿ ಅಗಿಯುವುದಿಲ್ಲ, ಸುಣ್ಣ ಸವರಿದ ಎಲೆಯಲ್ಲಿ ಸುತ್ತಿ ದವಡೆಗಿಡುತ್ತಾರೆ. ಸುಣ್ಣದಿಂದ ಬಾಯಿಯಲ್ಲಿ ಕ್ಷಾರ ಏರುತ್ತದೆ. ಕ್ಷಾರದಲ್ಲಿ ಆ ಪಾಲಿಫಿನಾಲ್‌ಗಳು ತಮ್ಮ ಎಲೆಕ್ಟ್ರಾನನ್ನು ನೇರವಾಗಿ ಆಮ್ಲಜನಕಕ್ಕೇ ಕೊಟ್ಟುಬಿಡುತ್ತವೆ. ಆಗ ಹುಟ್ಟುವುದು ಸೂಪರ್ ಆಕ್ಸೈಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್. ತಣಿಸಬೇಕಾದ ವಸ್ತುವೇ ಬೆಂಕಿ ಹಚ್ಚುತ್ತದೆ. ಎಲೆಅಡಿಕೆಯ ಕೆಂಪು ಕೂಡ ಈ ಉತ್ಕರ್ಷಣದ ಫಲವೇ. ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲೇ ಅಡಿಕೆಯ ಸಾರಕ್ಕೆ ಸುಣ್ಣ ಬೆರೆಸಿ ಇದನ್ನು ತೋರಿಸಿದರು. ಅದೇ ಸಂಸ್ಥೆ 1985ರಲ್ಲಿ ಹೊಗೆಸೊಪ್ಪು ಸೇರಿದ ಎಲೆಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದಿತು. 2004ರಲ್ಲಿ ಪ್ರಕಟವಾದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಎಲೆಅಡಿಕೆಯನ್ನೂ, ಅಡಿಕೆಯನ್ನು ತಾನಾಗಿಯೂ ಅದೇ ಮೊದಲ ಗುಂಪಿಗೆ ಸೇರಿಸಿತು. ‘ನಾನು ಹೊಗೆಸೊಪ್ಪು ಹಾಕಲ್ಲ, ಬರೀ ಎಲಡಿಕೆ’ ಎಂದು ಸಮಾಧಾನ ಪಡುವವರು ಈ ಎರಡನೆಯ ವರದಿಯನ್ನು ತಿಳಿದಿರಬೇಕು.

ಇಲ್ಲಿ ಮತ್ತೆ ಕೊಲಾಜನ್ ಬರುತ್ತದೆ. ಅಡಿಕೆಯ ಅರೆಕೋಲಿನ್ ಎಂಬ ವಸ್ತು ಕೆನ್ನೆಯ ಒಳಪದರದಲ್ಲಿ ಕೊಲಾಜನ್ ನೇಯುವ ಕೋಶಗಳನ್ನು ಕೆರಳಿಸುತ್ತದೆ. ಅಡಿಕೆಯಲ್ಲಿ ಹೇರಳವಾಗಿರುವ ತಾಮ್ರ ಆ ಎಳೆಗಳನ್ನು ಬೆಸೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಹಳೆಯ ನಾರನ್ನು ಕರಗಿಸಿ ತೆಗೆಯುವ ಕಿಣ್ವಕ್ಕೆ ಆ ನಾರು ಜಗ್ಗದಂತೆ ಚೊಗರಿನ ಟ್ಯಾನಿನ್ ಮಾಡುತ್ತದೆ, ಚರ್ಮ ಹದ ಮಾಡುವಾಗ ಟ್ಯಾನಿನ್ ಮಾಡುವ ಕೆಲಸವೂ ಇದೇ. ವಸಡಿನಲ್ಲಿ ಕೊಲಾಜನ್ ಕಡಿದುಹೋದರೆ ರೋಗ, ಕೆನ್ನೆಯಲ್ಲಿ ಅದು ರಾಶಿ ಬಿದ್ದರೂ ರೋಗ. ಮೊದಲು ಖಾರ ತಿಂದರೆ ಉರಿ. ಆಮೇಲೆ ಕೆನ್ನೆಯ ಒಳಭಾಗ ಬೆಳ್ಳಗಾಗಿ, ಹಗ್ಗದಂತೆ ನಾರುಗಟ್ಟಿ, ಬಾಯಿ ತೆರೆಯುವುದೇ ಕಷ್ಟ. ಮುದ್ದೆಯ ತುತ್ತು ಹೋಗದಷ್ಟು ಬಾಯಿ ಬಿಗಿದವರಿದ್ದಾರೆ. 1952ರಲ್ಲಿ ಕೀನ್ಯಾದಲ್ಲಿದ್ದ ಭಾರತೀಯ ಮೂಲದ ಹೆಂಗಸರಲ್ಲಿ ಮೊದಲು ವರದಿಯಾದ, ಮರುವರ್ಷ ಮುಂಬೈನ ವೈದ್ಯ ಎಸ್.ಜಿ. ಜೋಶಿ ‘ಸಬ್‌ಮ್ಯೂಕಸ್ ಫೈಬ್ರೋಸಿಸ್’ ಎಂದು ಹೆಸರಿಟ್ಟ ರೋಗ ಇದು. ಇವರಲ್ಲಿ ಕೆಲವರಿಗೆ ಮುಂದೆ ಅದೇ ಜಾಗದಲ್ಲಿ ಕ್ಯಾನ್ಸರ್ ಹುಟ್ಟುತ್ತದೆ. ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ಬಾಯಿ ಕ್ಯಾನ್ಸರಿನ ಸುಮಾರು 83,400 ಹೊಸ ಪ್ರಕರಣಗಳಿಗೆ ಅಡಿಕೆ ಮತ್ತು ಹೊಗೆಯಿಲ್ಲದ ತಂಬಾಕೇ ಕಾರಣ ಎಂದು ಲಿಯಾನ್ ಸಂಸ್ಥೆ 2024ರಲ್ಲಿ ಲೆಕ್ಕ ಹಾಕಿತು.

ಈ ರೋಗಕ್ಕೆ ಆಂಟಿಆಕ್ಸಿಡೆಂಟ್ ಔಷಧವಾಗಬಲ್ಲದೇ ಎಂದು ನಮ್ಮ ರಾಜ್ಯದಲ್ಲೇ ಪರೀಕ್ಷಿಸಿದ್ದಾರೆ. ಬೆಳಗಾವಿಯ ಕೆಎಲ್ಇ ಸಂಸ್ಥೆಯ ದಂತವೈದ್ಯರು 58 ರೋಗಿಗಳನ್ನು ಮೂರು ಗುಂಪು ಮಾಡಿ, ಎರಡು ಗುಂಪುಗಳಿಗೆ ಟೊಮೆಟೊ, ಕಲ್ಲಂಗಡಿಯ ಕೆಂಪಾದ ಲೈಕೋಪೀನನ್ನು ದಿನಕ್ಕೆ 16 ಮಿಲಿಗ್ರಾಂನಂತೆ ಕೊಟ್ಟು 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಲೈಕೋಪೀನ್ ತೆಗೆದುಕೊಂಡವರ ಬಾಯಿ ಸರಾಸರಿ 3.4 ಮಿಲಿಮೀಟರ್ ಹೆಚ್ಚು ತೆರೆಯಿತು, ಜೊತೆಗೆ ಸ್ಟೆರಾಯ್ಡ್ ಚುಚ್ಚುಮದ್ದು ಪಡೆದವರದು 4.6, ಬರೀ ಹುಸಿಮಾತ್ರೆ ನುಂಗಿದವರದು ಸೊನ್ನೆ. ಬಾಯಿ ಬಿಗಿದವನಿಗೆ ಮೂರು ಮಿಲಿಮೀಟರೂ ದೊಡ್ಡದೇ, ಆ ಅಧ್ಯಯನದ ಬಗ್ಗೆ ನನಗೆ ಗೌರವವಿದೆ. ಆದರೆ ಬಿಗಿದ ಕೆನ್ನೆ ಮೊದಲಿನಂತಾಗಲಿಲ್ಲ. ಕೇರಳದ ತಿರುವನಂತಪುರದಲ್ಲಿ ಬಾಯಿಯ ಬಿಳಿ ಮಚ್ಚೆಗಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಹೆಚ್ಚು ಕಲಿಸುತ್ತದೆ. ಎ ಜೀವಸತ್ವ ಪಡೆದ ಅರ್ಧಕ್ಕೂ ಹೆಚ್ಚು ಜನರ, ಬೀಟಾ ಕ್ಯಾರೊಟಿನ್ ಪಡೆದ ಮೂರನೇ ಒಂದು ಪಾಲು ಜನರ ಮಚ್ಚೆ ಪೂರ್ತಿ ಮಾಯವಾಯಿತು. ಮಾತ್ರೆ ನಿಲ್ಲಿಸಿದ ಮೇಲೆ ಹೀಗೆ ಗುಣವಾದವರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಅದು ಮರಳಿ ಬಂತು.

ಹಾಗಾದರೆ ಮಾತ್ರೆಯನ್ನು ನಿಲ್ಲಿಸದೆ ನುಂಗುತ್ತಿದ್ದರೆ? ಅದಕ್ಕೂ ಉತ್ತರ ಸಿಕ್ಕಿದೆ, ಕಹಿಯಾದ ಉತ್ತರ. ಫಿನ್ಲೆಂಡಿನಲ್ಲಿ 29 ಸಾವಿರ ಮಂದಿ ಧೂಮಪಾನಿ ಗಂಡಸರ ಮೇಲೆ ನಡೆಸಿದ ಪ್ರಯೋಗದಲ್ಲಿ ಬೀಟಾ ಕ್ಯಾರೊಟಿನ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾದದ್ದು 1994ರಲ್ಲಿ ಗೊತ್ತಾಯಿತು. ತರಕಾರಿಯ ಮೂಲಕ ಬಂದಾಗ ಕಾಪಾಡುವ ವಸ್ತುವೇ ದೊಡ್ಡ ಪ್ರಮಾಣದ ಮಾತ್ರೆಯಾಗಿ, ಹೊಗೆಯಿಂದ ಬೆಂದ ಶ್ವಾಸಕೋಶಕ್ಕೆ ಹೋದಾಗ ಹಾನಿ ಮಾಡಿತು. ಬೀಡಿ–ಸಿಗರೇಟು ಸೇದುವವರು ವೈದ್ಯರನ್ನು ಕೇಳದೆ ಇಂಥ ಮಾತ್ರೆ ಕೊಳ್ಳಬಾರದು.

ಎಲೆಯ ಮೇಲೆ ತಪ್ಪು ಹೊರಿಸುವಂತಿಲ್ಲ. ವೀಳ್ಯದೆಲೆಯ ಯೂಜಿನಾಲ್, ಹೈಡ್ರಾಕ್ಸಿಚಾವಿಕಾಲ್ ಎಂಬ ವಸ್ತುಗಳು ನಿಜಕ್ಕೂ ಆಂಟಿಆಕ್ಸಿಡೆಂಟುಗಳೇ. ಆದರೆ ಒಳಗೆ ಅಡಿಕೆ, ಸುಣ್ಣ, ಹೊಗೆಸೊಪ್ಪು ಇಟ್ಟುಕೊಂಡ ಮೇಲೆ ಎಲೆಯೊಂದು ಅವೆಲ್ಲವನ್ನೂ ತಡೆದುಕೊಳ್ಳಲಾರದು. 2016–17ರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 16.3 ಮಂದಿ ಹೊಗೆಯಿಲ್ಲದ ತಂಬಾಕು ಬಳಸುವವರು. ರಾಜ್ಯದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾದರೂ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಬಂದು ಕೊಳ್ಳುವವನ ಅಂಗೈಯಲ್ಲಿ ಸೇರುತ್ತವೆ. ಅಜ್ಜಿ ಊಟದ ನಂತರ ಕುಟ್ಟಾಣಿಯಲ್ಲಿ ಕುಟ್ಟಿ ಹಾಕಿಕೊಳ್ಳುತ್ತಿದ್ದ ಎಲೆಅಡಿಕೆಗೂ, ಕಾಲೇಜು ಹುಡುಗ ಬೆಳಿಗ್ಗೆಯಿಂದ ಸಂಜೆವರೆಗೆ ಕೆನ್ನೆಯಲ್ಲಿಟ್ಟುಕೊಳ್ಳುವ ಒಣ ಪುಡಿಗೂ ಹಾನಿಯ ವೇಗದಲ್ಲಿ ಬಹಳ ವ್ಯತ್ಯಾಸವಿದೆ. ಇಪ್ಪತ್ತು–ಇಪ್ಪತ್ತೈದರ ಹುಡುಗರಲ್ಲೇ ಬಾಯಿ ಬಿಗಿಯುತ್ತಿರುವುದು ಈ ಪೊಟ್ಟಣಗಳು ಬಂದಮೇಲೆ.

ಅಡಿಕೆ ಬೆಳೆದವರ ಮೇಲೆ ನನ್ನ ದೂರಿಲ್ಲ. ಕೊಬ್ಬರಿ ಬೆಲೆ ಬಿದ್ದ ವರ್ಷಗಳಲ್ಲಿ ಮನೆ ನಡೆಸಿದ್ದು, ಮಕ್ಕಳ ಕಾಲೇಜು ಶುಲ್ಕ ಕಟ್ಟಿದ್ದು ಅಡಿಕೆಯೇ. ಆದರೆ ಕೆಂಪಡಿಕೆಯ ದೊಡ್ಡ ಗಿರಾಕಿ ಉತ್ತರ ಭಾರತದ ಪಾನ್ ಮಸಾಲಾ ಉದ್ಯಮ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಆದಾಯಕ್ಕೆ ಬದಲಿ ದಾರಿ ಹುಡುಕುವ ಹೊಣೆ ಸರ್ಕಾರದ್ದು, ಕೃಷಿ ವಿಶ್ವವಿದ್ಯಾಲಯಗಳದ್ದು. ಒಂದು ದಾರಿ ಪಕ್ಕದಲ್ಲೇ ಇದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಮರದಿಂದ ಬಂದ ‘ಸಿದ್ದು’ ಹಲಸನ್ನು ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಗುರುತಿಸಿ ಬೆಳಕಿಗೆ ತಂದರು. ಅದರ ತೊಳೆಯ ತಾಮ್ರಗೆಂಪು ಬಣ್ಣ ಲೈಕೋಪೀನ್ ಮತ್ತು ಕ್ಯಾರೊಟಿನಾಯ್ಡುಗಳದ್ದು. ತೋಟದ ಅಂಚಿಗೆ ನಾಲ್ಕು ಕಸಿ ಹಲಸು, ಎರಡು ನೆಲ್ಲಿ, ನಾಲ್ಕು ಸೀಬೆ ಇಟ್ಟರೆ ತೆಂಗಿಗೇನೂ ಕೊರತೆಯಾಗುವುದಿಲ್ಲ.

ಅಡುಗೆಮನೆಯಲ್ಲಿ ಬದಲಿಸಬೇಕಾದದ್ದು ಸ್ವಲ್ಪವೇ. ಬೇಯಿಸಿದರೆ ಸಿ ಜೀವಸತ್ವ ಹಾಳಾಗುತ್ತದೆ, ಆದ್ದರಿಂದ ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು. ಸೊಪ್ಪು ಬಸಿದ ಕಟ್ಟಿಗೆ ಸಿ, ನೈಟ್ರೇಟ್ ಎರಡೂ ಇಳಿದಿರುತ್ತವೆ, ಅದನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಪದ್ಧತಿ ಬಹಳ ಒಳ್ಳೆಯದು. ರಾಗಿಯ ಪಾಲಿಫಿನಾಲ್‌ಗಳು ಹೆಚ್ಚಾಗಿರುವುದು ಹೊರಸಿಪ್ಪೆಯಲ್ಲಿ, ಜರಡಿ ಹಿಡಿದು ಬೆಳ್ಳಗೆ ಮಾಡಿದ ಹಿಟ್ಟಿನಲ್ಲಿ ಅವು ಉಳಿಯುವುದಿಲ್ಲ. ಹಲ್ಲು–ಮೂಳೆಗೆ ಬೇಕಾದ ಕ್ಯಾಲ್ಸಿಯಂ ರಾಗಿಯಲ್ಲಿ 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸಿನಲ್ಲಿದೆ. ಮುದ್ದೆಯನ್ನು ನಾವು ಅಗಿಯದೆ ನುಂಗುತ್ತೇವೆ, ಹಾಗಾಗಿ ತಟ್ಟೆಯ ಪಕ್ಕದಲ್ಲಿ ಅಗಿಯುವಂಥ ಹಸಿ ಪದಾರ್ಥ ಇರಬೇಕು: ಸೌತೆಕಾಯಿ, ಕೋಸಂಬರಿ, ಮೂಲಂಗಿ. ಅಗಿದಷ್ಟೂ ಎಂಜಲು ಸುರಿಯುತ್ತದೆ.

ಎಲೆಅಡಿಕೆ ಬಿಡಲು ಹೊರಟವರಿಗೆ ಊಟವಾದ ಮೇಲೆ ಬಾಯಿ ಖಾಲಿ ಎನಿಸುವುದೇ ದೊಡ್ಡ ಕಷ್ಟ. ಅದಕ್ಕೆ ನೆಲ್ಲಿಕಾಯಿ ಅಡಿಕೆ ಇದೆ. ಕಾರ್ತಿಕದಿಂದ ಮಾಘದವರೆಗೆ ಸಂತೆಗೆ ಬರುವ ಬೆಟ್ಟದ ನೆಲ್ಲಿಯನ್ನು ಸಣ್ಣಗೆ ಹೆಚ್ಚಿಯೋ ತುರಿದೋ, ಉಪ್ಪು, ಶುಂಠಿ, ಜೀರಿಗೆ ಬೆರೆಸಿ, ಒಣಗಿಸಿ ಡಬ್ಬಿಗೆ ತುಂಬಿದರೆ ವರ್ಷ ಬರುತ್ತದೆ. ಒಣಗಿದಾಗ ಸಿ ಕಡಿಮೆಯಾದರೂ ಒಗರಿನ ಪಾಲಿಫಿನಾಲ್ ಉಳಿಯುತ್ತದೆ. ಇಲ್ಲಿ ಸುಣ್ಣವಿಲ್ಲ, ಅರೆಕೋಲಿನ್ ಇಲ್ಲ. ಹುಳಿಯಾದ್ದರಿಂದ ದಿನವಿಡೀ ಚೀಪಬಾರದು, ಊಟದ ನಂತರ ನಾಲ್ಕು ಚೂರು ಅಗಿದು ನೀರು ಮುಕ್ಕಳಿಸಿದರೆ ಸಾಕು. ಬರೀ ಎಲೆ, ಸೋಂಪು, ಏಲಕ್ಕಿಯೂ ಆದೀತು. ಅಡಿಕೆ ಬಿಟ್ಟವರಲ್ಲಿ ಬಾಯಿ ಕ್ಯಾನ್ಸರಿನ ಅಪಾಯ ಇಳಿಯುತ್ತದೆ ಎಂದು ಲಿಯಾನ್ ಸಂಸ್ಥೆಯ ತಜ್ಞರು ಎಲ್ಲ ಅಧ್ಯಯನಗಳನ್ನೂ ತೂಗಿ ನೋಡಿ 2022ರಲ್ಲಿ ಹೇಳಿದ್ದಾರೆ. ಇಪ್ಪತ್ತು ವರ್ಷ ಹಾಕಿದವರೂ ಇವತ್ತು ಬಿಟ್ಟರೆ ಪ್ರಯೋಜನವಿದೆ.

ಕನ್ನಡಿಯ ಮುಂದೆ ನಿಂತು ಬಾಯಿ ಪೂರ್ತಿ ತೆರೆದು ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಇಟ್ಟು ನೋಡಿ. ಮೂರು ಹಿಡಿಯದಿದ್ದರೆ, ಖಾರ ತಾಕಿದೊಡನೆ ಕೆನ್ನೆ ಉರಿದರೆ, ಬಿಳಿ ಅಥವಾ ಕೆಂಪು ಮಚ್ಚೆಯೋ ಹುಣ್ಣೋ ಎರಡು ವಾರವಾದರೂ ಮಾಯದಿದ್ದರೆ ನೆಲ್ಲಿಕಾಯಿಯನ್ನು ನಂಬಿ ಕಾಯುತ್ತ ಕೂರಬಾರದು. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಿ. ಅವರು ಹೇಳಿದರೆ ತುಮಕೂರಿನ ದಂತ ವೈದ್ಯಕೀಯ ಕಾಲೇಜಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗಿ. ಅಲ್ಲಿ ಮಚ್ಚೆಯ ಅಂಚಿನಿಂದ ಸಾಸಿವೆ ಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಆ ಜಾಗಕ್ಕೆ ಮರಗಟ್ಟುವ ಚುಚ್ಚುಮದ್ದು ಕೊಟ್ಟಿರುವುದರಿಂದ ನೋವಾಗುವುದಿಲ್ಲ, ಆ ದಿನವೇ ಊರಿಗೆ ಮರಳಬಹುದು.